ಧ್ವನಿ ಹೊಂದಿಕೆಯಾಗುತ್ತಿಲ್ಲ

ಆ ಮನೆಯಲ್ಲಿ ಇದ್ದದ್ದು ನಾಲ್ಕು ಜನ, ಕೇಳಿಸುತ್ತಿದ್ದದ್ದು ಹದಿನಾಲ್ಕು. ಮಿಕ್ಕವರ ಲೆಕ್ಕವನ್ನೆಲ್ಲ ಮಾವ ಒಬ್ಬರೇ ತುಂಬಿಸುತ್ತಿದ್ದರು. ಗೋಡೆಯಾಚೆಯ ಮನೆಯವನು ಬೆಳಿಗ್ಗೆ ಎದ್ದು ಕೆಮ್ಮಿದರೆ ಈಚೆಯಿಂದ ಅದೇ ಕೆಮ್ಮು ಕಫದ ಸಮೇತ ವಾಪಸ್ ಹೋಗುತ್ತಿತ್ತು. ಆತ ಅನುಮಾನ ಬಂದು ಇನ್ನೊಮ್ಮೆ ಕೆಮ್ಮಿ ನೋಡಿದರೆ ಇನ್ನೊಮ್ಮೆ. ಒಲೆಯ ಮೇಲೆ ನೀರೇ ಇಟ್ಟಿಲ್ಲದಾಗ ಕೆಟಲ್ಲು ಸೀಟಿ ಹಾಕುತ್ತಿತ್ತು. ಸೊಸೆ ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯ ಮೇಲ್ವಿಚಾರಕಿ ಒಂದೇ ಒಂದು ಸಲ ಮನೆಗೆ ಫೋನು ಮಾಡಿದ್ದಳು. ಅಂದಿನಿಂದ ಅವಳೂ ಇವರ ಮನೆಯಲ್ಲೇ ವಾಸ.

ಮಾವ ಊರಲ್ಲಿದ್ದಾಗ ಒಂದು ಟಾಕೀಸಿನ ಟಿಕೆಟ್ ಕಿಂಡಿಯ ಹಿಂದೆ ಕೂತು ಬಾಳಿದವರು. ಆ ಕಿಂಡಿಯಲ್ಲಿ ಗಿರಾಕಿಯ ಮುಖ ಪೂರ್ತಿ ಕಾಣುತ್ತಿರಲಿಲ್ಲ. ಕಂಡದ್ದು ಕೈ, ಕೇಳಿದ್ದು ದನಿ. ಹಾಗಾಗಿ ಅವರ ಪಾಲಿಗೆ ಮನುಷ್ಯರೆಂದರೆ ದನಿಗಳೇ. ಹೆಂಡತಿ ತೀರಿಕೊಂಡ ಮೇಲೆ ಮಗ ಹಠ ಹಿಡಿದು ಅವರನ್ನು ಈ ಪರದೇಶಕ್ಕೆ ಕರೆಸಿಕೊಂಡಿದ್ದ. ಇಲ್ಲಿಯ ಭಾಷೆ ಅವರಿಗೆ ಬಾರದು. ಭಾಷೆ ಬಾರದಿದ್ದರೂ ಸದ್ದು ಬರುತ್ತಿತ್ತು. ಬೀದಿಯ ತರಕಾರಿಯವಳು ಹೇಳುವ ವಾಕ್ಯವನ್ನು ಒಂದಕ್ಷರವೂ ತಿಳಿಯದೆ ಹಾಗೇ ಎತ್ತಿ ಅವಳಿಗೇ ಒಪ್ಪಿಸಿ, ಅವಳು ನಕ್ಕು ಎರಡು ಈರುಳ್ಳಿ ಹೆಚ್ಚಿಗೆ ಹಾಕುವಂತೆ ಮಾಡುತ್ತಿದ್ದರು.

ಆದರೆ ಅವರ ಅಚ್ಚುಮೆಚ್ಚಿನ ಪಾತ್ರ ಸ್ವಂತ ಮಗ. ಲಿಫ್ಟ್ ರಿಪೇರಿಯ ಆ ಮಗ ಊಟಕ್ಕೆ ಕೂತು, "ಈ ಮನೇಲಿ ಲೈಟು ಆರಿಸೋನು ನಾನೊಬ್ನೇನಾ?" ಎಂದು ಶುರುಮಾಡಿದರೆ ಮುಂದಿನ ವಾಕ್ಯ ಅಪ್ಪನ ಬಾಯಿಂದ ಬರುತ್ತಿತ್ತು, "ಕರೆಂಟಿನ ದುಡ್ಡೇನು ನಿಮ್ಮ ತಾತ ಕಟ್ತಾನಾ?" ಮೊಮ್ಮಗಳು ಅನ್ನ ನೆತ್ತಿಗೇರಿಸಿಕೊಂಡು ನಗುತ್ತಿದ್ದಳು. ಸೊಸೆಗೂ ನಗು ಬರುತ್ತಿತ್ತು. ಆಗಿನ್ನೂ ಬರುತ್ತಿತ್ತು.

ಆ ವರ್ಷ ಪರ್ಮಿಟ್ ಆಫೀಸು ತನ್ನ ರೀತಿ ಬದಲಿಸಿತು. ಆ ದೇಶದಲ್ಲಿ ಉಳಿಯಲು ಮನೆಗೆಲ್ಲ ಆಧಾರ ಲಿಫ್ಟಿನವನ ಪರ್ಮಿಟ್ಟು. ಅದಕ್ಕೆ ಜೋತುಬಿದ್ದು ಹೆಂಡತಿಯದು, ಮಗಳದು, ಅಪ್ಪನದು. ಅವನದು ಹೋದರೆ ಕೆಲಸ ಹೋಯಿತು, ಮಗಳ ಕಾಲೇಜು ಹೋಯಿತು, ನಾಲ್ವರೂ ಗಂಟುಮೂಟೆ ಕಟ್ಟಬೇಕು. ಅವಧಿ ಮುಗಿಯುತ್ತ ಬಂದಿತ್ತು. ಮುಂಚೆ ಕೌಂಟರಿನಲ್ಲಿ ನಿಂತು ಫೋಟೋ ಕೊಟ್ಟರೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಧ್ವನಿ ನೋಂದಣಿ ಬೇಕಂತೆ. ಆಫೀಸೇ ಫೋನು ಮಾಡುತ್ತದೆ. ಯಾವಾಗ ಅಂತ ಹೇಳುವುದಿಲ್ಲ. ಎತ್ತದಿದ್ದರೆ ಅರ್ಜಿ ವಜಾ. ಲಿಫ್ಟಿನ ಗುಂಡಿಯಲ್ಲಿ ಇಳಿದವನ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲವೆಂದು ಅವನು ಮನೆಯ ಫೋನಿನ ನಂಬರು ಕೊಟ್ಟಿದ್ದ. ಅದು ಫ್ರಿಜ್ಜಿನ ನೆತ್ತಿಯ ಮೇಲೆ, ಹಾಲಿನ ಪಾಕೀಟಿನ ಕತ್ತರಿಯ ಪಕ್ಕ ಕೂತಿರುತ್ತಿತ್ತು.

ಅದು ಹೊಡೆದುಕೊಂಡಾಗ ಸೊಸೆ ಬೆಳಗಿನ ಪಾಳಿ ಮುಗಿಸಿ ಬಂದು ಬೇಳೆ ತೊಳೆಯುತ್ತಿದ್ದಳು.

"ಅಮ್ಮಾ, ಪರ್ಮಿಟ್ ಆಫೀಸು!" ಮಗಳು ಫೋನಿನ ಬಾಯಿ ಮುಚ್ಚಿ ಪಿಸುಗುಟ್ಟಿದಳು. "ಅಪ್ಪನೇ ಬೇಕಂತೆ. ಈಗಲೇ."

"ಸಂಜೆ ಮಾಡೀಂತ ಹೇಳೇ."

"ಮನುಷ್ಯರಲ್ಲಮ್ಮಾ, ಮಷೀನು. ಅದಕ್ಕೆ ಸಂಜೆ ಗೊತ್ತಿಲ್ಲ. ತಾನು ಹೇಳಿದ್ದನ್ನ ಅಪ್ಪ ಹಾಗೇ ವಾಪಸ್ ಹೇಳ್ಬೇಕಂತೆ. ಇಲ್ದಿದ್ರೆ ಕ್ಯಾನ್ಸಲ್ ಅಂತಿದೆ. ಹತ್ತರಿಂದ ಎಣಿಸ್ತಿದೆ!"

ಬೇಳೆಯ ಕೈಯಲ್ಲೇ ಸೊಸೆ ಅತ್ತಿತ್ತ ನೋಡಿದಳು, ಗಂಡ ಎಲ್ಲಾದರೂ ಮಂಚದ ಕೆಳಗಿಂದ ಎದ್ದು ಬರಬಹುದೋ ಎಂಬಂತೆ. ಮಾವ ಕುರ್ಚಿಯಿಂದ ಎದ್ದು ಕೈ ಚಾಚಿದರು. "ಹೇಳಿದ್ದನ್ನ ಹೇಳೋದು ತಾನೇ? ಕೊಡಿಲ್ಲಿ."

ಯಂತ್ರದ ಹೆಂಗಸು ಆ ದೇಶದ ಭಾಷೆಯಲ್ಲಿ ಹೇಳಿದಳು: ನನ್ನ ಧ್ವನಿಯೇ ನನ್ನ ಗುರುತು. ಮಾವ ಅದನ್ನು ಆ ದೇಶದ ಭಾಷೆಯಲ್ಲಿ, ಮಗನ ದನಿಯಲ್ಲಿ, ಕೊನೆಯಲ್ಲಿ ಮಗ ಎಳೆಯುವ ಸಣ್ಣ ಉಸಿರನ್ನೂ ಬಿಡದೆ ಹೇಳಿದರು. ಅವಳು ಮೂರು ಸಲ ಹೇಳಿಸಿದಳು. ಆಮೇಲೆ ಧನ್ಯವಾದ ಹೇಳಿದಳು. ಮಾವ ಅದನ್ನೂ ಹೇಳಿದರು.

"ಆಯ್ತಾ?" ಸೊಸೆ ಕೇಳಿದಳು.

"ಆಯ್ತು!" ಮಗಳು ಕುಣಿದಳು. "ತಾತ, ನೀನು ಪಾಸು! ಅಪ್ಪನ ಪರ್ಮಿಟ್ಟು ಧ್ವನಿಮತದಿಂದ ಅಂಗೀಕಾರ!"

ಸಂಜೆ ಗಂಡ ಬಂದ. ಗ್ರೀಸಿನ ಕೈ ತೊಳೆಯುತ್ತ ಸುದ್ದಿ ಕೇಳಿದವನು ಸೋಪನ್ನು ಕೈಬಿಟ್ಟ. "ಅಪ್ಪಾ, ಇದೇನು ನಿನ್ನ ಟಾಕೀಸಾ? ಸರ್ಕಾರ ಕಣಪ್ಪಾ ಅದು!"

"ಮತ್ತೇನ್ ಮಾಡ್ಬೇಕಿತ್ತು? ಅವಳು ಎಣಿಸ್ತಿದ್ಲು. ನೀನು ಯಾವ್ದೋ ಮಾಳಿಗೆ ಮಧ್ಯೆ ನೇತಾಡ್ತಿದ್ದೆ."

"ಗೊತ್ತಾಗಿಬಿಟ್ರೆ?"

"ಗೊತ್ತಾಗೋ ಹಂಗೆ ಮಾಡಿದ್ರೆ ನಾನು ನಿಮ್ಮಪ್ಪನೇ ಅಲ್ಲ," ಎಂದರು ಮಾವ, ಮಗನ ದನಿಯಲ್ಲಿ. ಗಂಡನಿಗೂ ನಗು ಬಂತು. ಎಲ್ಲರೂ ಬೇಳೆ ಅನ್ನ ಉಂಡು ನೆಮ್ಮದಿಯಾಗಿ ಮಲಗಿದರು.

ಆ ವಾರ ಕಳೆದ ಮೇಲೆ ಅರ್ಜಿ ಎಲ್ಲಿಗೆ ಬಂತೆಂದು ಗಂಡ ಆಫೀಸಿಗೆ ಫೋನು ಮಾಡಿದ. ಯಂತ್ರದ ಹೆಂಗಸು ಒಂದು ವಾಕ್ಯ ಹೇಳೆಂದಳು, ಹೇಳಿದ. ಅವಳು ಸ್ವಲ್ಪ ಯೋಚಿಸಿದಳು. "ಧ್ವನಿ ಹೊಂದಿಕೆಯಾಗುತ್ತಿಲ್ಲ. ದಯವಿಟ್ಟು ಅರ್ಜಿದಾರರಿಗೆ ಫೋನು ಕೊಡಿ."

"ನಾನೇ ಅರ್ಜಿದಾರ!"

"ಧ್ವನಿ ಹೊಂದಿಕೆಯಾಗುತ್ತಿಲ್ಲ."

ಗಂಡ ಮೆಲ್ಲಗೆ ಹೇಳಿದ, ಜೋರಾಗಿ ಹೇಳಿದ, ಮೂಗು ಹಿಡಿದು ಹೇಳಿದ. ಕೊನೆಗೆ ಅವಳಿಗೆ ಮಾತೃಭಾಷೆಯಲ್ಲಿ ಏನೋ ಹೇಳಿದ, ಅದು ಬರೆಯುವಂಥದ್ದಲ್ಲ. ಮಾವ ಫೋನು ಇಸಿದುಕೊಂಡು ಅದೇ ವಾಕ್ಯ ಹೇಳಿದರು. "ಸ್ವಾಗತ," ಎಂದಳು ಅವಳು. ಆ ಎರಡೂ ದನಿಗಳಲ್ಲಿ ಸೊಸೆಯ ಕಿವಿಗೆ ಕೂದಲೆಳೆಯ ವ್ಯತ್ಯಾಸವೂ ತಿಳಿಯಲಿಲ್ಲ. ಯಂತ್ರಕ್ಕೆ ಮಾತ್ರ ಒಂದು ಅಸಲಿ, ಇನ್ನೊಂದು ನಕಲಿ.

ತನ್ನ ರಜೆಯ ದಿನ ಆಕೆ ಗಂಡನ ಜೊತೆ ಆಫೀಸಿಗೇ ಹೋದಳು. ಗಾಜಿನ ಉದ್ದ ಹಜಾರ. ನೂರು ಕುರ್ಚಿ, ಏಳೆಂಟು ಜನ, ಯಾರೂ ಮಾತಾಡುತ್ತಿರಲಿಲ್ಲ. ಕೌಂಟರಿನಲ್ಲಿದ್ದ ಹುಡುಗಿ ತುಂಬ ಮರ್ಯಾದಸ್ಥೆ. ಗಂಡನ ಹಳೆಯ ಪರ್ಮಿಟ್ಟು ನೋಡಿದಳು, ಫೋಟೋ ನೋಡಿದಳು, ಅವನ ಮುಖ ನೋಡಿದಳು. ನೋಡಿದ ಮೇಲೆ ಒಂದು ಮೈಕು ಮುಂದಿಟ್ಟಳು. ಅವನು ಮಾತಾಡಿದ. ಅವಳ ಪರದೆಯ ಮೇಲೆ ಕೆಂಪು ಬಂತು.

"ಕ್ಷಮಿಸಿ. ನೀವು ಇವರಲ್ಲ."

"ಫೋಟೋದಲ್ಲಿ ನಾನೇ ಇದ್ದೀನಲ್ಲ ತಾಯೀ!"

"ಮುಖ ಬದಲಾಗುತ್ತದೆ. ಧ್ವನಿ ಬದಲಾಗುವುದಿಲ್ಲ. ಅದಕ್ಕೇ ನಾವು ಫೋಟೋ ನಂಬುವುದನ್ನು ನಿಲ್ಲಿಸಿದ್ದೇವೆ. ಇವರಿಗೆ ನೀವು ಏನಾಗಬೇಕು?"

"ನಾನೇ ನಾನಾಗಬೇಕು!"

"ಆ ಸಂಬಂಧ ನಮ್ಮಲ್ಲಿಲ್ಲ." ಅವಳು ಪಟ್ಟಿಯಲ್ಲಿ ಹುಡುಕಿ, ಸಿಗದೆ, ಬೇಸರಪಟ್ಟುಕೊಂಡು 'ಬಂಧು' ಎಂದು ಒತ್ತಿದಳು. ಧ್ವನಿಯನ್ನು ಅಳಿಸಿ ಹೊಸದಾಗಿ ತೆಗೆದುಕೊಳ್ಳಲು ಆಗದೇ ಎಂದು ಸೊಸೆ ತನ್ನ ಅರೆಬರೆ ಭಾಷೆಯಲ್ಲಿ ಕೇಳಿದಳು. ಆಗುತ್ತದಂತೆ, ಆದರೆ ಧ್ವನಿಯ ಜೊತೆ ಅರ್ಜಿಯೂ ಅಳಿಯುತ್ತದೆ. ಹೊಸ ಅರ್ಜಿ ಹಾಕಲು ಚಾಲ್ತಿಯಲ್ಲಿರುವ ಪರ್ಮಿಟ್ಟು ಬೇಕು, ಇವರದು ಅಷ್ಟರೊಳಗೆ ಮುಗಿದಿರುತ್ತದೆ. ಹುಡುಗಿ ಧ್ವನಿ ತಗ್ಗಿಸಿದಳು. "ಒಂದು ಮಾತು. ಬೇರೆಯವರ ಹೆಸರಲ್ಲಿ ಮಾತಾಡುವುದು ತಪ್ಪು. ಈ ಧ್ವನಿ ಇನ್ನೊಮ್ಮೆ ಆ ಅರ್ಜಿಯ ಹತ್ತಿರ ಕೇಳಿಸಿದರೆ ಅರ್ಜಿ ಮುಚ್ಚಿಹೋಗುತ್ತದೆ."

"ಹತ್ತಿರ ಅಂದ್ರೆ? ಎಷ್ಟು ಹತ್ತಿರ?"

ಹುಡುಗಿ ನಕ್ಕಳು. ಮುಂದಿನವರನ್ನು ಕರೆದಳು.

ಇಬ್ಬರೂ ಬಸ್ಸು ಹತ್ತಿ ವಾಪಸ್ ಬಂದರು. ಮನೆಯಲ್ಲಿ ಸಭೆ ಸೇರಿತು. ಕೊನೆಯ ಹಂತ ಫೋನಿನ ಸಂದರ್ಶನ. ಅದು ಮಷೀನಲ್ಲ, ಮನುಷ್ಯ. ಅದೂ ಯಾವಾಗ ಬರುತ್ತದೋ ಗೊತ್ತಿಲ್ಲ.

"ತಾತನೇ ಮಾತಾಡ್ಬೇಕು. ಬೇರೆ ದಾರಿ ಇಲ್ಲ," ಎಂದಳು ಮಗಳು.

"ತಾತಂಗೆ ಭಾಷೆ ಬರತ್ತೇನೇ?"

"ನಾನು ಕನ್ನಡ ಅಕ್ಷರದಲ್ಲಿ ಬರ್ಕೊಡ್ತೀನಿ. ತಾತ ಕಂಠಪಾಠ ಮಾಡ್ಲಿ."

"ಕಂಠ ಅವನದು, ಪಾಠ ನನಗೆ," ಎಂದರು ಮಾವ. "ಮತ್ತೆ ನೋಡೋ ಮಗನೇ, ನೀನು ಫೋನಿನ ಹತ್ರ ಸುಳೀಬೇಡ. ಕೇಳಿಸ್ಬಾರದು ಅಂದಿದಾರೆ."

"ಹತ್ರ ಅಂದ್ರೆ ಎಷ್ಟು ಹತ್ರ ಅಂತ ಹೇಳ್ಲಿಲ್ಲಪ್ಪ ಅವಳು."

"ಹೇಳ್ಲಿಲ್ಲ ಅಂದ್ರೆ ಮನೆಯಷ್ಟೂ ಅಂತಲೇ ಇಟ್ಕೋ. ಬಾಯಿ ಬಿಟ್ರೆ ಬಣ್ಣಗೇಡು."

ಮಿಕ್ಕ ಯಾವ ಮನೆಯವರಾದರೂ ಫೋನು ಹೊಡೆದಾಗಷ್ಟೇ ಸುಮ್ಮನಿರುತ್ತಿದ್ದರೇನೋ. ಇವರು ಯಾವ ಕಾನೂನೂ ಹೇಳದಷ್ಟು ಕಾನೂನು ಪಾಲಿಸುವವರು. ಗಂಡ ಮನೆಯೊಳಗೆ ಕಾಲಿಟ್ಟರೆ ಮಾತು ಬಂದ್ ಎಂದಾಯಿತು. ಅನ್ನ ಬೇಕಾದರೆ ತಟ್ಟೆ ಮುಂದೆ ತಳ್ಳುವುದು, ಸಾಕಾದರೆ ಅಂಗೈ ಅಡ್ಡ ಹಿಡಿಯುವುದು. ಮೊದಲ ದಿನಗಳಲ್ಲಿ ಅದೂ ಒಂದು ಆಟವಾಗಿತ್ತು.

ಮಾವನ ಪಾಠ ಊಟದ ಮೇಜಿನ ಮೇಲೆ ನಡೆಯುತ್ತಿತ್ತು. ಸೊಸೆ ಸೊಪ್ಪು ಬಿಡಿಸುತ್ತ ಕೇಳುವಳು.

"ನಿಮ್ಮ ಕೆಲಸವೇನು?" ಮಗಳು ಅಧಿಕಾರಿ.

ಮಾವ ಗಂಡನ ದನಿಯಲ್ಲಿ ಒಪ್ಪಿಸುವರು.

"ನೀವು ಮಂಚದ ಯಾವ ಮಗ್ಗುಲಲ್ಲಿ ಮಲಗುತ್ತೀರಿ?"

"ಇದನ್ನೆಲ್ಲ ಕೇಳ್ತಾರೇನೇ?" ಸೊಸೆ ಗದರಿದಳು.

"ನನ್ನ ಫ್ರೆಂಡಿನ ಅಪ್ಪಂಗೆ ಕೇಳಿದ್ರಂತಮ್ಮಾ. ಹೆಂಡ್ತಿ ಯಾವುದಕ್ಕೆ ಬೈತಾಳೆ ಅಂತಾನೂ."

ಮಾವ ಸೊಸೆಯ ಕಡೆ ತಿರುಗಿದರು. ಕೇಳಿದ್ದು ಮಾತ್ರ ಗಂಡನ ದನಿ. "ಯಾವುದಕ್ಕೆ ಬೈತೀಯೇ ನೀನು?"

ಸೊಪ್ಪಿನ ಕೈ ನಿಂತಿತು. "ಮಾವಾ, ಅಭ್ಯಾಸದ ಹೊತ್ತು ಮುಗಿದ ಮೇಲೆ ನಿಮ್ಮ ದನೀಲಿ ಮಾತಾಡಿ."

"ಗಂಟಲು ಆರಬಾರದಮ್ಮಾ. ಬಿಟ್ಟು ಬಿಟ್ಟು ಮಾಡಿದ್ರೆ ಹದ ತಪ್ಪತ್ತೆ. ಫೋನು ಯಾವಾಗ ಬರತ್ತೋ ಏನೋ." ಅದನ್ನೂ ಗಂಡನ ದನಿಯಲ್ಲೇ ಹೇಳಿದರು.

ಅಂದಿನಿಂದ ಮನೆ ವಿಚಿತ್ರವಾಯಿತು. ಗಂಡ ಕೆಲಸಕ್ಕೆ ಹೋದ ಮೇಲೂ ಗಂಡ ಮನೆಯಲ್ಲಿದ್ದ. ಬಾಲ್ಕನಿಯಲ್ಲಿ ಬಟ್ಟೆ ಹರವುವಾಗ ಒಳಗಿಂದ "ಚಹಾ ಇದೆಯೇನೇ?" ಎನ್ನುತ್ತಿದ್ದ. ಬಚ್ಚಲಲ್ಲಿ ಗುನುಗುತ್ತಿದ್ದ. ಸಂಜೆ ಗಂಡ ಬಂದ ಮೇಲೆ ಮಾತ್ರ ಗಂಡ ಮನೆಯಲ್ಲಿರುತ್ತಿರಲಿಲ್ಲ. ಗ್ರೀಸಿನ ವಾಸನೆಯ ಒಬ್ಬ ಮನುಷ್ಯ ತಟ್ಟೆ ತಳ್ಳುತ್ತ ಕೂತಿರುತ್ತಿದ್ದ. ಗೋಡೆಯಾಚೆಯವನು ಕೆಮ್ಮಿದರೆ ಈಗ ಈಚೆಯಿಂದ ಜವಾಬಿರಲಿಲ್ಲ. ಆತ ಒಂದೆರಡು ದಿನ ಕೆಮ್ಮಿ, ಕಾದು, ಕೊನೆಗೆ ಗೋಡೆಯನ್ನು ಮೆಲ್ಲಗೆ ತಟ್ಟಿ ನೋಡಿದ.

ಒಂದು ಭಾನುವಾರ ಸೊಸೆಯ ತಾಳ್ಮೆ ಹರಿಯಿತು. ಲಾಂಡ್ರಿಯಲ್ಲಿ ವಾರವೆಲ್ಲ ರೋಗಿಗಳ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಮಾಡಿ ಭುಜ ಸೋತಿತ್ತು. ಗಂಡ ಕೊಳಕು ಬೂಟಿನಲ್ಲಿ ಆಗಷ್ಟೇ ಒರೆಸಿದ ನೆಲದ ಮೇಲೆ ನಡೆದು ಬಂದ.

"ರೀ, ಕಣ್ಣು ಕಾಣಿಸಲ್ವಾ? ಮನೆ ಒರೆಸೋಕೆ ನಾನು, ಬೇಯಿಸೋಕೆ ನಾನು, ದುಡಿಯೋಕೂ ನಾನು. ಬಾಯಿ ಬಿಟ್ಟು ಒಂದು ಮಾತಾದ್ರೂ ಆಡಿ! ಫೋನು ಪ್ಲಗ್ ಕಿತ್ತಿಡ್ತೀನಿ ಬೇಕಾದ್ರೆ!"

ಗಂಡ ತಲೆ ತಗ್ಗಿಸಿ ಬೂಟಿನ ದಾರ ಬಿಚ್ಚತೊಡಗಿದ. ಉತ್ತರ ಮಾವನ ಕೋಣೆಯ ಮುಚ್ಚಿದ ಬಾಗಿಲ ಹಿಂದಿನಿಂದ ಬಂತು.

"ನಾನೇನು ಆಟ ಆಡೋಕೆ ಹೋಗಿದ್ನಾ? ರಜಾ ದಿನಾನೂ ಕರೆಸ್ತಾರೆ. ಒಂದು ಹೆಜ್ಜೆ ಗುರುತಿಗೆ ಊರು ಒಂದಾಗೋ ಹಂಗೆ ಕೂಗ್ತೀಯಲ್ಲ!"

ಗಂಡ ಆಡಬಹುದಾಗಿದ್ದ ಮಾತು ಅಕ್ಷರಶಃ ಅದೇ. ರೇಗಿ ಹೋದ ಸಿಟ್ಟಿನಲ್ಲಿ ಆಕೆ ಬಾಗಿಲಿಗೇ ಜವಾಬು ಕೊಟ್ಟಳು. ಬಾಗಿಲು ತಿರುಗಿ ಕೊಟ್ಟಿತು. ಜಗಳ ಚೆನ್ನಾಗಿಯೇ ಬೆಳೆಯಿತು. ಹಳೆಯ ಮುನಿಸು, ತವರಿನ ಮಾತು, ಅವರಿಬ್ಬರಿಗೆ ಮಾತ್ರ ಗೊತ್ತಿದ್ದ ಒಂದು ವಿಷಯವೂ ಬಂತು. ಅದು ಬಂದೊಡನೆ ಆಕೆ ಗಕ್ಕನೆ ನಿಂತು ಗಂಡನನ್ನು ನೋಡಿದಳು.

"ಇದನ್ನ ನೀವು ಅವರಿಗೆ ಹೇಳಿದ್ರಾ?"

ಗಂಡ ಇಲ್ಲವೆಂದು ತಲೆಯಾಡಿಸಿದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಅದೇ ಆಕೆಗೆ ಹೆದರಿಕೆ ಹುಟ್ಟಿಸಿತು. ಹೊರೆ ಇಳಿಸಿದ ಕೂಲಿಯವನ ಹಾಗೆ ಹಗುರಾಗಿದ್ದ. ಬೂಟನ್ನು ಕೈಯಲ್ಲಿ ಹಿಡಿದು ಒಳಗೆ ಹೋದ.

ಮಾರನೆಯ ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದಾಗ ಆಕೆ ಮಾವನ ಮುಂದೆ ಚಹಾ ಇಟ್ಟು ಕೂತಳು.

"ಮಾವಾ, ನೆನ್ನೆ ಆ ಮಾತು ನಿಮಗೆ ಹೆಂಗೆ ಗೊತ್ತಾಯ್ತು?"

"ಯಾವ ಮಾತು?"

"ಬಿಡಿ. ಒಂದ್ಸಲ ನಿಮ್ಮ ಸ್ವಂತ ದನೀಲಿ ಮಾತಾಡಿ. ನಂಗೋಸ್ಕರ."

ಮಾವ ನಕ್ಕು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು. ಗೋಡೆಯಾಚೆಯವನ ಕೆಮ್ಮು ಬಂತು. ತಲೆ ಕೊಡವಿ ಮತ್ತೆ ತೆರೆದರು. ಲಾಂಡ್ರಿಯ ಮೇಲ್ವಿಚಾರಕಿ. ತರಕಾರಿಯವಳು. ಕೆಟಲ್ಲು. ಯಂತ್ರದ ಹೆಂಗಸು. ಒಂದೊಂದು ಬಂದಾಗಲೂ ಮಾವನ ಮುಖದಿಂದ ನಗು ಸ್ವಲ್ಪ ಸ್ವಲ್ಪವೇ ಇಳಿಯಿತು. ಕೊನೆಗೆ ಮಗನ ದನಿಯಲ್ಲಿ ಮೆಲ್ಲಗೆ ಕೇಳಿದರು.

"ನನ್ನದು ಹೆಂಗಿತ್ತಮ್ಮಾ?"

"ತಮಾಷೆ ಮಾಡ್ಬೇಡಿ ಮಾವಾ."

"ಇಲ್ಲಮ್ಮಾ. ದಪ್ಪಗಿತ್ತಾ? ಕೀರಲಾ?"

ಆಕೆ ನೆನಪಿಸಿಕೊಳ್ಳಲು ನೋಡಿದಳು. ಮದುವೆಯಾಗಿ ಬಂದಾಗಿನಿಂದ ಅವರಾಡಿದ ಎಷ್ಟೋ ಮಾತು ನೆನಪಿತ್ತು. ಮಾತಷ್ಟೇ ನೆನಪಿತ್ತು, ಅಚ್ಚಾದ ಹಾಗೆ. ದನಿ ಇರಲಿಲ್ಲ. ಸಂಜೆ ಮಗಳನ್ನು ಕೇಳಿದಳು. "ತಾತಂದಾ?" ಎಂದು ಶುರುಮಾಡಿದ ಮಗಳೂ ಬಾಯಿ ತೆರೆದುಕೊಂಡೇ ನಿಂತಳು.

ಸಂದರ್ಶನದ ಫೋನು ಬಂದದ್ದು ಮಗಳು ಪರೀಕ್ಷೆಗೆ ಹೋಗಿದ್ದಾಗ. ಸೊಸೆ ಅದನ್ನು ಮಾವನ ಕೈಗೆ ಕೊಟ್ಟಳು. ಬರೆದಿಟ್ಟ ಹಾಳೆಗಳನ್ನು ಮೇಜಿನ ತುಂಬ ಹರಡಿ, ಬೆರಳಿಟ್ಟು ತೋರಿಸಲು ಸಿದ್ಧಳಾದಳು. ಆ ದೇಶದ ಭಾಷೆ ಆಕೆಗೆ ತಕ್ಕಮಟ್ಟಿಗೆ ತಿಳಿಯುತ್ತಿತ್ತು.

ಅಧಿಕಾರಿ ನಿಧಾನದ ಮನುಷ್ಯ. ಕೆಲಸ ಕೇಳಿದ. ಮಾವ ಹೇಳಿದರು. ಆಕೆ ಬೆರಳಿಡುವ ಮುಂಚೆಯೇ ಹೇಳಿದರು. ಸಂಬಳ, ಮಗಳ ಓದು, ಬಾಡಿಗೆ. ಆಮೇಲೆ ಅವನು ಹಾಳೆಯಲ್ಲಿಲ್ಲದ ಪ್ರಶ್ನೆ ಕೇಳಿದ: ಲಿಫ್ಟಿನ ಹಗ್ಗ ಸವೆದದ್ದು ಹೇಗೆ ತಿಳಿಯುತ್ತದೆ? ಆಕೆ ಹಾಳೆಗಳನ್ನು ತಡಕಾಡಿದಳು. ಮಾವ ಬೇಸರವಿಲ್ಲದೆ, ತಡವರಿಸದೆ, ಆ ದೇಶದ ಭಾಷೆಯಲ್ಲಿ ಉದ್ದಕ್ಕೆ ವಿವರಿಸಿದರು. ಒಂದು ಕಡೆ ಅಧಿಕಾರಿ ನಕ್ಕ, ಮಾವನೂ ನಕ್ಕರು. ಒಂದಕ್ಷರ ಬಾರದ ಭಾಷೆಯಲ್ಲಿ ಅವರು ನಗೆಚಾಟಿಕೆ ಮಾಡುತ್ತಿದ್ದರು. ಅವರ ಕಣ್ಣು ಮಾತ್ರ ಸೊಸೆಯನ್ನೇ ನೋಡುತ್ತಿತ್ತು. ಬಾಯಿ ತನ್ನದಲ್ಲ, ಯಾರಾದರೂ ಹಿಡಿದು ನಿಲ್ಲಿಸಿ ಎಂಬಂತಿತ್ತು ಆ ನೋಟ.

"ಕೊನೆಯ ಪ್ರಶ್ನೆ," ಎಂದ ಅಧಿಕಾರಿ. "ನಿಮ್ಮ ಹೆಸರು ಹೇಳಿಕೊಂಡು ಒಬ್ಬರು ಕೌಂಟರಿಗೆ ಬಂದಿದ್ದರು. ಯಾರು ಅವರು?"

ಸೊಸೆ ಮೇಜಿನ ಅಂಚು ಹಿಡಿದಳು.

"ಅವರು ನಮ್ಮ ತಂದೆ," ಎಂದಿತು ಗಂಡನ ದನಿ, ನೊಂದು. "ವಯಸ್ಸಾಯಿತು. ಈಚೆಗೆ ಅವರು ತಾವೇ ನಾನು ಅಂದುಕೊಳ್ಳುತ್ತಾರೆ."

ಅಧಿಕಾರಿ ಲೊಚಗುಟ್ಟಿದ. ತನ್ನ ತಾಯಿಯೂ ಹಾಗೇ ಇದ್ದಳೆಂದ. ಅರ್ಜಿಗೆ ಅಡ್ಡಿಯಿಲ್ಲ, ಆದರೆ ತಂದೆಯನ್ನು ಒಮ್ಮೆ ಮನೆಗೆ ಬಂದು ನೋಡಬೇಕಾಗುತ್ತದೆ, ಬರೀ ಪದ್ಧತಿಗೆ, ಎಂದು ಫೋನಿಟ್ಟ.

"ಏನ್ ಹೇಳಿಬಿಟ್ರಿ ಮಾವಾ!"

"ಏನ್ ಹೇಳ್ದೆ?" ಮಾವ ಫೋನಿನಿಂದ ಹಿಂದೆ ಸರಿದರು. "ಅವನು ಏನೇನೋ ಅಂದ. ನಾನು ಏನೋ ಸದ್ದು ಮಾಡ್ದೆ. ಸರಿಯಾಯ್ತಾ?"

ರಾತ್ರಿಯೂಟಕ್ಕೆ ಕೂತಾಗ ಆಕೆ ಗಂಡನಿಗೆ ಎಲ್ಲ ಹೇಳಿದಳು. "ಈಗ ಬರೋರ ಮುಂದೆ ಅಪ್ಪ ನೀವಂತೆ, ನೀವು ಅಪ್ಪ ಅಂತೆ. ಏನಾದ್ರೂ ಹೇಳ್ರೀ!" ಗಂಡ ಅಂಗೈ ಅಡ್ಡ ಹಿಡಿದ. ಅನ್ನ ಸಾಕೆಂದೋ ಮಾತು ಸಾಕೆಂದೋ ತಿಳಿಯಲಿಲ್ಲ.

ಬಂದವಳು ಸಣಕಲು ಹೆಂಗಸು. ಕೈಯಲ್ಲಿ ಅಗಲದ ಪರದೆ, ಅದಕ್ಕೊಂದು ಪುಟ್ಟ ಮೈಕು. ಬಾಗಿಲು ತೆರೆದ ಮಾವನನ್ನು ಮಾತಾಡಿಸಿದಳು. ಗಂಡನ ದನಿ ಅವಳನ್ನು ಒಳಗೆ ಕರೆಯಿತು, ಪರದೆ ಹಸಿರಾಯಿತು. ಅವಳು ಮಾವನ ಬೆಳ್ಳಗಿನ ತಲೆಯನ್ನೂ ತನ್ನಲ್ಲಿದ್ದ ಫೋಟೋವನ್ನೂ ನೋಡಿ ಕನಿಕರದಿಂದ, "ಕೆಲಸ ಬಹಳ ಕಷ್ಟದ್ದಿರಬೇಕು," ಎಂದಳು. ನಂತರ ಗೋಡೆಗೆ ಒತ್ತಿ ಕೂತಿದ್ದ ಗಂಡನತ್ತ ಬಗ್ಗಿ, ಕಿವುಡರಿಗೆ ಹೇಳುವಂತೆ ಒಂದೊಂದೇ ಪದ ಹೇಳಿದಳು. "ಹೇಗಿದ್ದೀರಿ, ತಾತ? ಊಟ ಆಯಿತಾ?"

ಮಗಳು ಬಾಯಿಗೆ ಸೆರಗಿಲ್ಲದೆ ತೋಳನ್ನೇ ಒತ್ತಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. "ವಯಸ್ಸಿಗೆ ಚೆನ್ನಾಗಿದ್ದಾರೆ," ಎಂದು ಹೆಂಗಸು ಸೊಸೆಗೆ ಹೇಳಿದಳು. "ಮಾತಾಡುವುದಿಲ್ಲವೇ?"

"ಕಮ್ಮಿ," ಎಂದಳು ಸೊಸೆ.

"ಒಂದು ವಾಕ್ಯ ಸಾಕು. ಇವರು ಈ ದೇಶಕ್ಕೆ ಬಂದಾಗ ದಾಖಲಾದ ಧ್ವನಿ ನಮ್ಮಲ್ಲಿದೆ. ಹೊಸದಾಗಿ ಬರುವವರದನ್ನು ಆಗಲೇ ತೆಗೆದುಕೊಳ್ಳುತ್ತಿದ್ದೆವು. ಅದಕ್ಕೆ ಹೊಂದಿದರೆ ನಾನು ಹೊರಟೆ."

ಇದನ್ನು ಯಾರೂ ಯೋಚಿಸಿರಲಿಲ್ಲ. ಗಂಡ ಬಾಯಿ ಬಿಟ್ಟರೆ ಕೌಂಟರಿನಲ್ಲಿ ಕೇಳಿದ ದನಿ, ಅರ್ಜಿ ಮುಚ್ಚಿತು. ಬಿಡದಿದ್ದರೆ ಅನುಮಾನ, ಆಗಲೂ ಮುಚ್ಚಿತು. ಮಾವನ ಸ್ವಂತ ದನಿ ಮಾವನ ಬಳಿಯೇ ಇಲ್ಲ. ಸೊಸೆ ತಾನೇ ಏನಾದರೂ ಬೀಳಿಸಲೇ, ಒಲೆಯ ಮೇಲಿನ ಪಾತ್ರೆ ಉರುಳಿಸಲೇ ಎಂದು ಅಡುಗೆಮನೆಯ ಕಡೆ ನೋಡಿದಳು.

ಹೆಂಗಸು ಮೈಕನ್ನು ಗಂಡನ ತುಟಿಯ ಹತ್ತಿರ ಹಿಡಿದಳು.

ಗಂಡ ಅಪ್ಪನನ್ನು ನೋಡಿದ. ಅಪ್ಪ ಮಗನನ್ನು ನೋಡಿದರು. ವಾರಗಟ್ಟಲೆ ಮುಚ್ಚಿದ್ದ ಬಾಯಿ ತೆರೆಯಿತು.

"ನಮ್ಮ ಮನೆಯವರೆಲ್ಲ ಚೆನ್ನಾಗಿ ನೋಡ್ಕೋತಾರಮ್ಮಾ. ನಂಗೇನೂ ಕಮ್ಮಿ ಇಲ್ಲ."

ಸ್ವಲ್ಪ ಒರಟು, ಕೊನೆಯಲ್ಲಿ ಸಣ್ಣಗೆ ಒಡೆಯುವ ದನಿ. ಮದುವೆಯ ಮಾತುಕತೆಗೆ ಬಂದ ದಿನ ಅಂಗಳದಿಂದಲೇ "ಹುಡುಗಿಗೆ ಓದು ಬಿಡಿಸ್ಬೇಡಿ" ಎಂದಿದ್ದ ದನಿ. ಅತ್ತೆ ತೀರಿಕೊಂಡಾಗ ಫೋನಿನಲ್ಲಿ "ಹೋದ್ಲಮ್ಮಾ" ಎಂದಿದ್ದ ದನಿ. ಮಾವ ತಮ್ಮ ಗಂಟಲನ್ನು ಎರಡೂ ಕೈಯಿಂದ ಮುಟ್ಟಿ ನೋಡಿಕೊಂಡರು, ಮನೆ ಹೊಕ್ಕು ಯಾರೋ ಪೆಟ್ಟಿಗೆ ತೆಗೆದದ್ದನ್ನು ಕಂಡವರಂತೆ.

ಪರದೆ ಹಸಿರಾಯಿತು.

ಹೊಸ ಪರ್ಮಿಟ್ಟುಗಳು ಅಂಚೆಯಲ್ಲಿ ಬಂದವು. ನಾಲ್ವರದೂ, ಐದು ವರ್ಷಕ್ಕೆ. ಸೊಸೆ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಫೋನಿನ ಪ್ಲಗ್ಗು ಕಿತ್ತು, ಅದರ ವೈರನ್ನು ಸುತ್ತಿ ಹಳೆ ಪೇಪರಿನ ಜೊತೆ ಕಟ್ಟಿದಳು. ಮಗಳು ಕಾಲೇಜಿನಿಂದ ತಡವಾಗಿ ಬರುತ್ತೇನೆ ಎಂದಿದ್ದಳು. ಅನ್ನ ಬಸಿದು, ಬೇಳೆಗೆ ಒಗ್ಗರಣೆ ಹಾಕಿ, ಗಂಡನನ್ನೂ ಮಾವನನ್ನೂ ಎದುರುಬದುರು ಕೂರಿಸಿದಳು.

"ನೋಡಿ, ಆಫೀಸಿನ ಋಣ ತೀರಿತು. ಯಾರೂ ಕೇಳಿಸಿಕೊಳ್ತಿಲ್ಲ. ಇನ್ನು ಇಬ್ರೂ ನಿಮ್ಮ ನಿಮ್ಮ ದನೀಲಿ ಮಾತಾಡಿ. ರೀ, ಮೊದ್ಲು ನೀವು."

ಗಂಡ ಅಪ್ಪನ ಕಡೆ ನೋಡಿದ, ಹೇಳು ಎಂಬಂತೆ. ಅಪ್ಪ ಮಗನ ಕಡೆ ನೋಡಿದರು, ನೀನು ಹೇಳು ಎಂಬಂತೆ. ಇಬ್ಬರ ಮುಖದಲ್ಲೂ ಒಂದೇ ಮುಜುಗರ. ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದು, ಈಗ ಮರಳಿಸಲು ಯಾವ ಜೋಡಿ ಯಾರದೆಂದು ತಿಳಿಯದೆ ನಿಂತವರ ಹಾಗಿದ್ದರು.

"ಹೋಗ್ಲಿ, ಉಣ್ಣಿ ಮೊದ್ಲು. ಹೊಟ್ಟೆ ತುಂಬಿದ್ರೆ ಬಾಯಿ ತಾನೇ ಬರತ್ತೆ."

ಇಬ್ಬರೂ ಕಲಸಿದರು, ಉಂಡರು. ಆಕೆ ಬೆನ್ನು ತಿರುಗಿಸಿ ಒಲೆ ಆರಿಸಿದಳು. ಗೋಡೆಯಾಚೆ ಯಾರ ಸದ್ದೂ ಇರಲಿಲ್ಲ.

"ಇನ್ನೊಂಚೂರು ಅನ್ನ ಹಾಕೇ," ಎಂದಿತು ಗಂಡನ ದನಿ, ಹಿಂದಿನಂತೆಯೇ, ಸಲಿಗೆಯಿಂದ.

ಸದ್ಯ, ಬಂತಲ್ಲ ಎನಿಸಿ ಆಕೆಗೆ ಕಣ್ಣು ತುಂಬಿತು. ಸೌಟು ತುಂಬ ಅನ್ನ ಎತ್ತಿಕೊಂಡು ತಿರುಗಿದಳು. ಯಾವ ತಟ್ಟೆಗೆ ಹಾಕುವುದೆಂದು ಮೊದಲು ಗಂಡನ ಮುಖ ನೋಡಿದಳು, ಆಮೇಲೆ ಮಾವನ ಮುಖ ನೋಡಿದಳು.

ಇಬ್ಬರ ಬಾಯಲ್ಲೂ ತುತ್ತಿತ್ತು.